ಸೂಜಿಗಲ್ಲು ಮುಟ್ಟದ ಕಲ್ಲು

೧೧ ಫೆಬ್ರವರಿ ೧೯೮೪

ಹರಕುಜೇಬಿಗೆ ಅಕ್ಕನ ಆಶೀರ್ವಾದ.

ಇಷ್ಟು ವರ್ಷ ನಾನು ಬರೆದ ಕಾಗದಗಳಲ್ಲಿ ಸುದ್ದಿ ಅನ್ನುವಂಥದ್ದು ಏನಿತ್ತು ಹೇಳು. ಒಬ್ಬರ ಕೋಟಿನ ತೋಳು ಉದ್ದವಾಯಿತು, ಇನ್ನೊಬ್ಬರ ಸೊಂಟ ದಪ್ಪವಾಯಿತು, ನನ್ನ ಮಂಡಿ ನೋಯುತ್ತಿದೆ, ಅಷ್ಟೆ. ಈ ಸಲ ನಿಜವಾದ ಸುದ್ದಿಯಿದೆ. ಕುರ್ಚಿ ಎಳೆದುಕೊಂಡು ಕುಳಿತು ಓದು. ನಿನ್ನೆ ಮಧ್ಯಾಹ್ನ ನಮ್ಮೂರಿನ ಮೇಲೆ ಆಕಾಶದಿಂದ ಕಲ್ಲು ಬಿದ್ದವು.

ನಾನು ಅಂಗಡಿಯಲ್ಲಿ ವಕೀಲರ ಕರಿಕೋಟಿಗೆ ಕಾಲರ್ ಕೂರಿಸುತ್ತಿದ್ದೆ. ಕಿಟಕಿಯ ಗಾಜೆಲ್ಲ ಒಮ್ಮೆ ಬೆಳ್ಳಗಾಯಿತು. ಸ್ವಲ್ಪ ಹೊತ್ತಿಗೆ, ತಗಡು ತುಂಬಿದ ಲಾರಿಯನ್ನು ಮೆಟ್ಟಿಲ ಮೇಲಿಂದ ಇಳಿಸಿದ ಹಾಗೆ ಸದ್ದು. ಬೀದಿಯವರೆಲ್ಲ ಹೊರಗೆ ಬಂದು ಮೇಲೆ ನೋಡಿದೆವು. ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುತ್ತೇವಲ್ಲ, ಅಂಥದೇ ಒಂದು ಬಿಳಿ ಗೆರೆ ಆಕಾಶದ ಈ ತುದಿಯಿಂದ ಆ ತುದಿಗೆ. ಆಮೇಲೆ ಮೈದಾನದ ಕಡೆಯಿಂದ ದಬದಬ ಅಂತ ಕೇಳಿಸಿತು. ಎದುರು ಸಾಲಿನ ಲಾಂಡ್ರಿಯ ತಗಡಿನ ಸೂರಿಗೂ ಒಂದು ಬಿತ್ತು. ಲಾಂಡ್ರಿಯವರು ಅರ್ಧ ಇಸ್ತ್ರಿಯಾದ ಅಂಗಿ ಹಿಡಿದುಕೊಂಡೇ ಹೊರಗೆ ಬಂದು, "ಯಾರ್ರೀ ಅದು ಕಲ್ಲು ಹೊಡೆದಿದ್ದು" ಅಂತ ಬೀದಿಯನ್ನೆಲ್ಲ ಬೈದರು. ಎಲ್ಲರೂ ಮೇಲೆ ಕೈ ತೋರಿಸಿದೆವು. ಅವರು ಮೇಲಕ್ಕೂ ನಾಲ್ಕು ಮಾತು ಬೈದರು.

ನಾನು ಮೈದಾನಕ್ಕೆ ಹೋಗಿ ಒಂದನ್ನು ಹೆಕ್ಕಿಕೊಂಡು ಬಂದೆ. ಹೊರಗೆ ಸೀದುಹೋದ ಹಾಗೆ ಕಪ್ಪು ಸಿಪ್ಪೆ. ಒಡೆದ ಕಡೆ ಬೂದಿ ಬಣ್ಣ, ಅದರ ತುಂಬ ಸೂಜಿಯ ಮೊನೆಯಷ್ಟು ಹೊಳೆಯುವ ಚುಕ್ಕೆಗಳು. ಅಪ್ಪನ ಡ್ರಾಯರ್ ತೆಗೆದು ಆ ಲಾಳದಂಥ ಸೂಜಿಗಲ್ಲನ್ನು ಹಿಡಿದೆ. ಈಗಲೂ ನೆಲಕ್ಕೆ ಬಿದ್ದ ಗುಂಡುಪಿನ್ನು ಆರಿಸುವುದು ಅದರಲ್ಲೇ. ಕಲ್ಲಿಗೆ ತಂದ ಕೂಡಲೇ ಟಕ್ ಅಂತ ಅಂಟಿಕೊಂಡಿತು. ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರು ಬಂತು.

ಆ ಬೇಸಿಗೆ ನೆನಪಿದೆಯಾ? ನಿನಗೆ ಎಂಟು, ನನಗೆ ಹದಿಮೂರು. ಸಂಜೆ ಎರಕದ ಕಾರ್ಖಾನೆಯ ಚಿಮಣಿಯ ಮೇಲಿಂದ ಬೆಂಕಿಯ ಉಂಡೆ ಹಾದುಹೋಯಿತು. ಅದು ನಮ್ಮ ಮೈದಾನದಲ್ಲೇ ಬಿದ್ದಿದೆ ಅಂತ ನಿನ್ನ ಹಟ. ಅಪ್ಪ ಇದೇ ಸೂಜಿಗಲ್ಲಿಗೆ ದಾರ ಕಟ್ಟಿಕೊಟ್ಟರು. ರಜೆಯುದ್ದಕ್ಕೂ ಅದನ್ನು ನಾಯಿಮರಿಯ ಹಾಗೆ ಎಳೆದುಕೊಂಡು ತಿರುಗಿದೆವು. ಸಿಕ್ಕಿದ್ದು ಮೊಳೆ, ತುಕ್ಕು ಹಿಡಿದ ಬೀಗದಕೈ, ಯಾರದೋ ಚಮಚ. ನೀನು ಊಟ ಬಿಟ್ಟು ಕುಳಿತೆ. ಕೊನೆಗೆ ಅಪ್ಪನೇ ಕಾರ್ಖಾನೆಯ ಗೋಡೆಯ ಹತ್ತಿರ ಕಲ್ಲು ಹುಡುಕಿ ತಂದುಕೊಟ್ಟರು. ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿ ಎಷ್ಟು ಚಡ್ಡಿಯ ಜೇಬು ಹರಿದೆಯೋ, ಹೊಲಿದವಳು ನಾನು. ಹೆಸರು ಸುಮ್ಮನೆ ಬಂತಾ?

ಆ ಕಲ್ಲು ಇನ್ನೂ ಇದೆಯಾ ನಿನ್ನ ಹತ್ತಿರ? ಇದ್ದರೆ ಅಲ್ಲಿನ ತಿಳಿದವರಿಗೆಲ್ಲ ತೋರಿಸುತ್ತ ಕೂರಬೇಡ, ಕಣ್ಣು ಬಿದ್ದೀತು.

ನಾಳೆಯಿಂದ ಅಂಗಡಿಯ ಹೆಂಗಸರನ್ನೂ ಕರೆದುಕೊಂಡು ಆರಿಸಲು ಹೋಗುತ್ತೇನೆ. ನೀನು ಬರುತ್ತೀಯಲ್ಲ? ಅಪ್ಪ ಹೋದ ಮೇಲೆ ನೀನು ಈ ಕಡೆ ಸುಳಿದೇ ಇಲ್ಲ. ನಾನು ಕರೆದರೆ ಬರುವುದಿಲ್ಲ, ಕಲ್ಲು ಕರೆದರಾದರೂ ಬಾ.

ಅಕ್ಕ


೧೨ ಫೆಬ್ರವರಿ ೧೯೮೪
(ಟೈಪ್ ಮಾಡಿದ್ದು)

ಅಕ್ಕನಿಗೆ ನಮಸ್ಕಾರ.

ಬೆಳಗಿನ ಪತ್ರಿಕೆಯಲ್ಲಿ ಓದಿದೆ. ಓದುತ್ತ ಟೀ ಆರಿಹೋಯಿತು. ನೀನು ಈಗಾಗಲೇ ಮೈದಾನದಲ್ಲಿರುತ್ತೀಯ ಎಂದು ಗೊತ್ತು, ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಪತ್ರಿಕೆಯ ವರ್ಣನೆ ನೋಡಿದರೆ ಇವು ಕಬ್ಬಿಣದ ಕಣಗಳು ಹೆಚ್ಚಿರುವ ಜಾತಿಯ ಉಲ್ಕೆಗಳು. ನೀರು ಸೋಕಿದರೆ ತುಕ್ಕು ಏಳುತ್ತದೆ, ತೊಳೆಯಬೇಡ. ಬೆವರಿಗೂ ಆಗದು, ಬರಿಗೈಯಲ್ಲಿ ಹಿಡಿಯಬೇಡ. ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿ, ಎಲ್ಲಿ ಬಿದ್ದಿತ್ತೆಂದು ಒಂದು ಚೀಟಿ ಇಡು. ಒಂದು ಮಾತು ಮಾತ್ರ ಮರೆಯಲೇಬೇಡ. ಅಪ್ಪನ ಸೂಜಿಗಲ್ಲನ್ನು ಡ್ರಾಯರಿನಿಂದ ಹೊರಗೆ ತೆಗೆಯಬೇಡ. ನಿನ್ನ ಕೈ ಮೊದಲು ಅದಕ್ಕೇ ಹೋಗುತ್ತದೆ ಎಂದು ನನಗೆ ಗೊತ್ತು.

ಕಾರಣ ಹೇಳುತ್ತೇನೆ. ಇಂಥ ಕಲ್ಲಿನೊಳಗಿನ ಕಬ್ಬಿಣದಲ್ಲಿ ಬಹಳ ಕ್ಷೀಣವಾದ ಒಂದು ಸೆಳೆತ ಉಳಿದಿರುತ್ತದೆ. ಕಲ್ಲು ಹುಟ್ಟಿ ಆರುವಾಗ, ಭೂಮಿಯೇ ಇನ್ನೂ ಸರಿಯಾಗಿ ಭೂಮಿಯಾಗಿರದ ಕಾಲದಲ್ಲಿ, ತನ್ನ ಸುತ್ತ ಏನಿತ್ತು ಎಂಬುದರ ನೆನಪು ಅದು. ಸೂಜಿಗಲ್ಲು ಒಂದು ಸಲ ತಾಕಿದರೆ ಸಾಕು, ಆ ನೆನಪು ಅಳಿಸಿ ಸೂಜಿಗಲ್ಲಿನ ಗುರುತೇ ಕೂತುಬಿಡುತ್ತದೆ. ಮತ್ತೆ ವಾಪಸ್ ಬರುವುದಿಲ್ಲ.

ಮೇ ಕೊನೆಗೆ ನನ್ನ ನಿವೃತ್ತಿ. ಈ ಸಂಗ್ರಹಾಲಯದ ಕಲ್ಲಿನ ಕೋಣೆಯಲ್ಲಿ ಕೂದಲು ಬೆಳ್ಳಗಾಯಿತು, ಆದರೆ ಕಪಾಟಿನಲ್ಲಿ ಇರುವುದೆಲ್ಲ ಬೇರೆಯವರು ಹೆಕ್ಕಿದ್ದು, ಪ್ರತಿಯೊಂದಕ್ಕೂ ಯಾರೋ ಒಬ್ಬರು ಸೂಜಿಗಲ್ಲು ಮುಟ್ಟಿಸಿ ನೋಡಿದ್ದು. ಬಿದ್ದದ್ದನ್ನು ಕಂಡವರೇ ಎತ್ತಿಕೊಟ್ಟ, ಸೂಜಿಗಲ್ಲು ಮುಟ್ಟದ ಒಂದು ಕಲ್ಲನ್ನು ನನ್ನ ಕೈಯಾರೆ ಕಪಾಟಿನಲ್ಲಿಟ್ಟು ಬಾಗಿಲು ಹಾಕಬೇಕು. ಇದೊಂದೇ ಆಸೆ.

ಕೆಲಸ ಬಹಳ ಇರುವುದರಿಂದ ಬರಲಾಗದು.

ತಮ್ಮ


೧೬ ಫೆಬ್ರವರಿ ೧೯೮೪

ಹರಕುಜೇಬಿಗೆ,

ನಿನ್ನಿಂದ ಇನ್ನೂ ಕಾಗದ ಬಂದಿಲ್ಲ. ಬರುವುದರೊಳಗೆ ನನ್ನ ಸಾಧನೆ ಕೇಳು.

ಬುಟ್ಟಿ ತುಂಬಿದೆ. ಕಾಜಾ ಹಾಕುವವಳು, ಗುಂಡಿ ಹೊಲಿಯುವವಳು, ನಾನು, ಮೂವರೂ ಬೆಳಗ್ಗೆ ಇಬ್ಬನಿ ಆರಿದ ಮೇಲೆ ಹೊರಡುತ್ತೇವೆ. ಅಪ್ಪನ ಉಪಾಯವೇ. ಸೂಜಿಗಲ್ಲಿಗೆ ದಾರ ಕಟ್ಟಿ ಹುಲ್ಲಿನ ಮೇಲೆ ಎಳೆಯುವುದು. ಅಂಟಿಕೊಂಡದ್ದು ಬುಟ್ಟಿಗೆ, ಅಂಟದ್ದು ಅಲ್ಲೇ. ಮೋಸವಾಗಬಾರದು ಅಂತ ಮನೆಗೆ ತಂದ ಮೇಲೂ ಒಂದೊಂದನ್ನೂ ತಿರುಗಿಸಿ ಮುರುಗಿಸಿ ಎಲ್ಲಾ ಕಡೆ ಮುಟ್ಟಿಸಿ ನೋಡಿದ್ದೇನೆ. ಒಂದೂ ಖೋಟಾ ಇಲ್ಲ. ನಿನ್ನ ಅಕ್ಕ ಕೆಲಸ ಮಾಡಿದರೆ ಅಚ್ಚುಕಟ್ಟು.

ಊರೆಲ್ಲ ಇದೇ ಹುಚ್ಚು ಹಿಡಿದಿದೆ. ರೇಡಿಯೋ ರಿಪೇರಿಯವರ ಅಂಗಡಿಯಲ್ಲಿ ಹಳೇ ಸ್ಪೀಕರಿನ ಸೂಜಿಗಲ್ಲೆಲ್ಲ ಖಾಲಿ. ಮೇಷ್ಟ್ರು, ನರ್ಸು, ಪೋಸ್ಟಿನವರು, ಎಲ್ಲರ ಕೈಯಲ್ಲೂ ದಾರ, ದಾರದ ತುದಿಯಲ್ಲಿ ಸೂಜಿಗಲ್ಲು. "ದರ್ಜಿಯಮ್ಮ ಕಲಿಸಿದ್ದು" ಅಂತ ಹೇಳಿಕೊಂಡು ಓಡಾಡುತ್ತಾರೆ. ಈ ವಯಸ್ಸಿನಲ್ಲಿ ಹೆಸರು ಬಂತು ನೋಡು.

ಲಾಂಡ್ರಿಯವರು ಮಾತ್ರ ಮುನಿದಿದ್ದಾರೆ. ಸೂರು ತೂತು ಮಾಡಿದ ಕಲ್ಲನ್ನು ಯಾರಿಗೂ ತೋರಿಸುವುದಿಲ್ಲವಂತೆ. "ಮೇಲಿಂದ ಬಿದ್ದದ್ದಕ್ಕೆ ಮೇಲಿನವನೇ ತಗಡು ಹಾಕಿಸ್ಕೊಡ್ಲಿ. ಅಲ್ಲೀವರೆಗೆ ಕಲ್ಲು ನನ್ನ ಹತ್ರ ಒತ್ತೆ" ಅನ್ನುತ್ತಾರೆ. ಅವರೊಬ್ಬರ ಕಲ್ಲು ಹೋದರೆ ಹೋಗಲಿ, ನಿನಗೆ ನನ್ನ ಬುಟ್ಟಿ ಸಾಕು.

ಕಲ್ಲುಗಳನ್ನು ಮೇಜಿನ ಮೇಲೆ ಹರವಿಕೊಂಡು ನೋಡುತ್ತಿದ್ದರೆ ಅಪ್ಪ ಹಿಂದೆ ನಿಂತು ಕನ್ನಡಕ ಹಣೆಗೇರಿಸಿದ ಹಾಗೆ ಅನಿಸುತ್ತದೆ. ಇರಬೇಕಿತ್ತು ಅವರು.

ಅಕ್ಕ


೨೨ ಫೆಬ್ರವರಿ ೧೯೮೪
(ಟೈಪ್ ಮಾಡಿದ್ದು)

ಅಕ್ಕನಿಗೆ ನಮಸ್ಕಾರ.

ನಿನ್ನ ಎರಡು ಕಾಗದಗಳೂ ತಲುಪಿದವು. ಶ್ರಮ ಪಟ್ಟಿದ್ದೀಯ. ಕಲ್ಲುಗಳನ್ನು ಪಾರ್ಸೆಲ್ ಮಾಡು, ಬೇರೆ ಪರೀಕ್ಷೆಗಳಿಗೆ ಉಪಯೋಗಕ್ಕೆ ಬರುತ್ತವೆ. ನಾನು ಕೇಳಿದ್ದಕ್ಕೆ ಬರುವುದಿಲ್ಲ. ಆ ನೆನಪು ಹೋಯಿತು.

ಸೂಜಿಗಲ್ಲು ಮುಟ್ಟದ ಒಂದಾದರೂ ಉಳಿದಿದ್ದರೆ ತಿಳಿಸು.

ತಮ್ಮ


೧ ಮಾರ್ಚ್ ೧೯೮೪

ತಮ್ಮನಿಗೆ,

ಪಾರ್ಸೆಲ್ ಕಳಿಸಿದ್ದೇನೆ. ಹತ್ತಿಬಟ್ಟೆಯಲ್ಲಿ ಸುತ್ತಿ, ಯಾವುದು ಎಲ್ಲಿ ಸಿಕ್ಕಿತ್ತು ಅಂತ ನೆನಪು ಮಾಡಿಕೊಂಡು ಚೀಟಿ ಇಟ್ಟು, ನೀನು ಹೇಳಿದ ಹಾಗೇ.

ನಿನ್ನ ಮೊದಲನೇ ಕಾಗದ ನನ್ನ ಕೈಗೆ ಸಿಕ್ಕಿದ್ದು ನಾನು ಬುಟ್ಟಿಯ ಸುದ್ದಿ ಬರೆದು ಡಬ್ಬಿಗೆ ಹಾಕಿದ ಮಾರನೇ ದಿನ. ನೀನು ಕೇಳಿದ್ದು ಒಂದೇ ಒಂದು ಕಲ್ಲು, ಅಷ್ಟನ್ನೂ ಕೈಯಾರೆ ಕೆಡಿಸಿಟ್ಟೆನಲ್ಲ. ನಾನು ಮಾತ್ರ ಕೆಡಿಸಿದರೆ ಆಗಿತ್ತು, ಇಡೀ ಊರಿಗೆ ಕೆಡಿಸುವುದನ್ನು ಕಲಿಸಿಕೊಟ್ಟೆ. ಆ ಸಂಕಟ ನನಗಿದೆ, ಇಲ್ಲ ಅನ್ನುವುದಿಲ್ಲ.

ಆದರೆ ನೀನು ಬರೆದ ರೀತಿ ಏನದು? ಸರ್ಕಾರದ ನೋಟೀಸು ಇದಕ್ಕಿಂತ ಮೃದುವಾಗಿರುತ್ತದೆ. ಅದೂ ಟೈಪ್ ಮಾಡಿಸಿದ್ದು. ಎರಡು ವರ್ಷದಿಂದ ನೋಡುತ್ತಿದ್ದೇನೆ, ಅಕ್ಕನಿಗೂ ಗುಮಾಸ್ತರ ಕೈಲಿ ಕಾಗದ ಬರೆಸುತ್ತೀಯ. ನಿನ್ನ ಅಕ್ಷರ ತಿದ್ದಿಸಿದವಳು ನಾನು. ಹಲಗೆಯ ಮೇಲೆ 'ಅ' ಬರೆಯಲು ನಿನಗೆ ಒಂದು ತಿಂಗಳು ಬೇಕಾಯಿತು, ಬಾಲ ಮೇಲಕ್ಕೆ ಹೋಗುತ್ತಲೇ ಇರಲಿಲ್ಲ. ಈಗ ದೊಡ್ಡ ಮನುಷ್ಯ. ಅಕ್ಕನಿಗೆ ನಾಲ್ಕು ಸಾಲು ಬರೆದರೆ ಬೆರಳು ಸವೆಯುತ್ತದಾ?

ಉಳಿದಿರುವುದು ಲಾಂಡ್ರಿಯವರ ಒಂದೇ ಕಲ್ಲು. ಅವರು ಕೊಡುವುದಿಲ್ಲ. ನಾನು ಕೇಳುವುದೂ ಇಲ್ಲ. ಬೇಕಾದರೆ ಅವರಿಗೇ ಒಂದು ಟೈಪ್ ಮಾಡಿಸಿ ಕಳಿಸು.

ಅಕ್ಕ


೩೦ ಮಾರ್ಚ್ ೧೯೮೪
(ಟೈಪ್ ಮಾಡಿದ್ದು)

ಅಕ್ಕನಿಗೆ,

ಪಾರ್ಸೆಲ್ ಬಂದು ಬಹಳ ದಿನವಾಯಿತು. ಉತ್ತರಕ್ಕೆ ಕುಳಿತಾಗಲೆಲ್ಲ ಎದ್ದುಬಿಟ್ಟೆ. ನಿನಗೆ ಸಿಟ್ಟು ಬಂದರೆ ಹೇಗೆ ಸಮಾಧಾನ ಮಾಡಬೇಕೆಂದು ಈಗಲೂ ಗೊತ್ತಿಲ್ಲ. ಆಗ ಅಪ್ಪ ಇದ್ದರು, "ಹೋಗೋ, ಅವಳ ದಾರದ ಉಂಡೆ ಸುತ್ತಿಕೊಡು, ತಾನೇ ಸರಿ ಹೋಗ್ತಾಳೆ" ಎನ್ನುತ್ತಿದ್ದರು.

ನಿನ್ನ ಚೀಟಿಗಳನ್ನು ಓದಿದೆ. "ಗೋಲ್ ಕಂಬದಿಂದ ಆರು ಮೊಳ, ಮೇಷ್ಟ್ರ ಸೈಕಲ್ ಪಕ್ಕ." "ನರ್ಸಮ್ಮನ ಬಟ್ಟೆ ಒಣಗುವ ಹಗ್ಗದ ಕೆಳಗೆ." ಮೊಳದ ಅಳತೆ ಹಾಕಿದ ಚೀಟಿ ಈ ಕಟ್ಟಡಕ್ಕೆ ಇದೇ ಮೊದಲು ಬಂದದ್ದು. ಅವುಗಳನ್ನಿಟ್ಟುಕೊಂಡು ನಕ್ಷೆ ಬರೆಸಿದರೆ ಇಡೀ ಮೈದಾನ, ಬೀದಿ, ಕಾರ್ಖಾನೆಯ ಗೋಡೆ ಎಲ್ಲ ಎದ್ದು ಬಂತು. ಚಿಕ್ಕ ಕಲ್ಲುಗಳು ಶಾಲೆಯ ಕಡೆ, ದೊಡ್ಡವು ಕಾರ್ಖಾನೆಯ ಕಡೆ. ಆಕಾಶದಿಂದ ಬಂದವು ಬೀಳುವುದೇ ಹಾಗೆ, ಭಾರವಾದದ್ದು ಮುಂದಕ್ಕೆ ಹೋಗುತ್ತದೆ. ಆ ಬೇಸಿಗೆ ನಾವು ಶಾಲೆಯ ಕಡೆಯೇ ಹುಡುಕಿದೆವು, ನೆನಪಿದೆಯಾ? ಅಪ್ಪನಿಗೆ ಸಿಕ್ಕಿದ್ದು ಕಾರ್ಖಾನೆಯ ಕಡೆ. ಆ ಕಲ್ಲು ನನ್ನ ಮೇಜಿನ ಮೇಲೇ ಇದೆ. ಸೇರಿದ ಹೊಸದರಲ್ಲಿ ಆಗಿನ ಹಿರಿಯ ಅಧಿಕಾರಿ ನೋಡಿ, ಜೋಪಾನ ಮಾಡು ಎಂದಿದ್ದರು.

ಬರೆದದ್ದು ಒರಟಾಗಿತ್ತು. ತಪ್ಪು ನನ್ನದು. ಲಾಂಡ್ರಿಯವರನ್ನು ಒಂದು ಸಲ ಕೇಳು ಅಕ್ಕ. ಇನ್ನೆರಡು ತಿಂಗಳಿಗೆ ಕಪಾಟಿನ ಬೀಗದಕೈ ಬೇರೆಯವರಿಗೆ ಕೊಡಬೇಕು. ಲಾಂಡ್ರಿ ಎಂದರೆ ಹಬೆ, ತೇವ. ಆ ಕಲ್ಲು ಅಲ್ಲಿ ಹೇಗಿದೆಯೋ ಎಂದು ಯೋಚನೆ.

ತಮ್ಮ


೧೨ ಏಪ್ರಿಲ್ ೧೯೮೪

ಹರಕುಜೇಬಿಗೆ,

ದಾರದ ಉಂಡೆ ಸುತ್ತಿಕೊಟ್ಟ ಹಾಗೇ ಆಯಿತು. ಸಿಟ್ಟು ಇಳಿಯಿತು, ಬಿಡು.

ಲಾಂಡ್ರಿಗೆ ಹೋದೆ. "ಕಲ್ಲು ಕೊಡಿ" ಅಂದೆ.

"ಸೂರು ಕೊಡಿ" ಅಂದರು. "ತಗಡಿಗೆ ಹೇಳಿದ್ದೀನಿ, ಬಂದಿಲ್ಲ. ಒಂದು ಹನಿ ಬಿದ್ರೆ ಊರಿನವರ ಬಟ್ಟೆಯೆಲ್ಲ ನನ್ನ ತಲೆ ಮೇಲೆ. ಮೇಲಿನವನಿಗೆ ಹೇಳಿ."

"ಮೇಲಿನವನು ಬರೋದು ಯಾವಾಗ್ಲೋ. ನಾನು ಎದುರಂಗಡಿಯವಳು, ಈಗ್ಲೇ ಬಂದಿದ್ದೀನಿ. ತೂತು ಎಷ್ಟಗಲ ಇದೆ ತೋರಿಸಿ."

ಆಕಾಶವೇ ಹರಿದರೆ ತೇಪೆ ಹಾಕೋಕಾಗುತ್ತಾ ಅಂತ ಅಮ್ಮ ಹೇಳುತ್ತಿದ್ದರಲ್ಲ, ನಿನ್ನ ಅಕ್ಕ ಅದನ್ನೂ ಮಾಡಿದಳು. ಲಾರಿಗೆ ಹೊದಿಸುವ ದಪ್ಪ ಕ್ಯಾನ್ವಾಸು, ಎರಡು ಪದರ, ಮೇಣ ತೀಡಿದ ದಾರದಲ್ಲಿ ಒತ್ತೊತ್ತಾಗಿ ಹೊಲಿದು, ಅಂಚಿಗೆ ಹಗ್ಗ ಪೋಣಿಸಲು ಲೋಹದ ಕಣ್ಣು ಕೂರಿಸಿ, ಮೇಲೆ ಡಾಂಬರು ಬಳಿಸಿದೆ. ಏಣಿ ಹತ್ತಿದವಳೂ ನಾನೇ. ಮಂಡಿಯ ವಿಷಯ ಕೇಳಬೇಡ. ಲಾಂಡ್ರಿಯವರು ಕೆಳಗೆ ಏಣಿ ಹಿಡಿದುಕೊಂಡು, "ನಿಧಾನ ಕಣಮ್ಮ, ನೀವೂ ತೂತು ಮಾಡ್ಕೊಂಡು ಒಳಗೆ ಬಂದೀರಿ" ಅನ್ನುತ್ತಿದ್ದರು. ನೀರು ಸುರಿದು ನೋಡಿದರು, ಒಂದು ಹನಿ ಇಳಿಯಲಿಲ್ಲ. ಬೀರುವಿನ ಬೀಗ ತೆಗೆದರು.

ಇಸ್ತ್ರಿಯಾದ ಕೋಟುಗಳನ್ನು ತೂಗುಹಾಕುವ ಬೀರು. ಇಡೀ ಬೀದಿಯಲ್ಲಿ ಅದರಷ್ಟು ಒಣಗಿದ ಜಾಗ ಇನ್ನೊಂದಿಲ್ಲ. ಅಲ್ಲಿ ಬಿಳಿ ಟವೆಲಿನಲ್ಲಿ ಸುತ್ತಿ ಇಟ್ಟಿದ್ದರು. ಮುಷ್ಟಿಯಷ್ಟು ದೊಡ್ಡದು, ಕಪ್ಪಗೆ, ಒಂದು ಮೂಲೆಯಲ್ಲಿ ಸ್ವಲ್ಪ ಚಕ್ಕೆ ಎದ್ದಿದೆ. ತುಕ್ಕಿನ ಚುಕ್ಕೆ ಇಲ್ಲ. "ಯಾರಾದರೂ ಸೂಜಿಗಲ್ಲು ಮುಟ್ಟಿಸಿದರಾ?" ಅಂತ ಕೇಳಿದೆ. "ಸೂಜಿಗಲ್ಲಾ? ನನ್ನ ಹೆಂಡತಿಗೇ ಮುಟ್ಟೋಕೆ ಬಿಟ್ಟಿಲ್ಲ" ಅಂದರು. ಬರಿಗೈಯಲ್ಲಿ ಹಿಡಿಯದೆ ಟವೆಲು ಸಮೇತ ತಂದಿದ್ದೇನೆ. ಅಪ್ಪನ ಸೂಜಿಗಲ್ಲನ್ನು ಪಕ್ಕದ ಮನೆಯಲ್ಲಿ ಇಟ್ಟು ಬಂದಿದ್ದೇನೆ, ನನ್ನ ಕೈಯನ್ನೇ ನಾನು ನಂಬುವುದಿಲ್ಲ.

ಪೋಸ್ಟಿನಲ್ಲಿ ಕಳಿಸುವುದಿಲ್ಲ. ಹಿಂದಿನ ಪಾರ್ಸೆಲನ್ನು ಅವರು ಎತ್ತಿ ಎಸೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ನಿನ್ನ ಕೈಯಾರೆ ಇಡಬೇಕು ಅಂದೆಯಲ್ಲ, ನಿನ್ನ ಕೈಯಾರೆ ಬಂದು ತೆಗೆದುಕೋ.

ಅಕ್ಕ


೨೩ ಏಪ್ರಿಲ್ ೧೯೮೪
(ಟೈಪ್ ಮಾಡಿದ್ದು)

ಅಕ್ಕನಿಗೆ,

ಕಾಗದ ಓದಿ ಎದ್ದು ಕೋಣೆಯಲ್ಲಿ ಎರಡು ಸುತ್ತು ತಿರುಗಿದೆ. ಸೂರಿಗೆ ತೇಪೆ ಹಾಕಿದವಳ ತಮ್ಮ ನಾನು ಎಂದು ಯಾರಿಗಾದರೂ ಹೇಳಬೇಕೆನಿಸಿತು. ಕಾವಲಿನವರಿಗೆ ಹೇಳಿದೆ.

ಬರುವುದು ಮಾತ್ರ ಕಷ್ಟ. ಲೆಕ್ಕ ಒಪ್ಪಿಸುವುದಿದೆ, ಪಟ್ಟಿಗಳಿವೆ. ಯಾರನ್ನಾದರೂ ಇಲ್ಲಿಂದ ಕಳಿಸುತ್ತೇನೆ, ಅವರ ಕೈಗೆ ಕೊಡು. ಕಲ್ಲನ್ನು ಯಾರು ಎತ್ತಿದರೇನು. ಹುಷಾರಾದ ಕೈಯಾಗಿದ್ದರೆ ಸಾಕು. ಒಂದು ಸಲ ನೆಲಕ್ಕೆ ಬಿದ್ದರೆ ಇಂಥದ್ದು ಮತ್ತೆ ಸಿಗುವುದಿಲ್ಲ.

ಬೇಜಾರು ಮಾಡಿಕೊಳ್ಳಬೇಡ.

ತಮ್ಮ


೧ ಮೇ ೧೯೮೪

ತಮ್ಮಾ,

ಈ ಸಲ ನಿನ್ನ ಕಾಗದ ಟೈಪಿನದೇ, ಆದರೆ ಲಕೋಟೆಯ ಮೇಲಿನ ವಿಳಾಸ ಕೈಬರಹ. ಮನೆಗೆ ತಂದು, ಅಲ್ಲೇ ಬರೆದು ಹಾಕಿದೆಯೋ ಏನೋ.

ಮೊದಲು ನೋಡಿದಾಗ ಯಾವುದೋ ಮಗು ಬರೆದದ್ದು ಅಂದುಕೊಂಡೆ. ಆಮೇಲೆ 'ಅ' ಕಾಣಿಸಿತು. ಬಾಲ ಮೇಲಕ್ಕೆ ಹೋಗದ ಆ 'ಅ' ಪ್ರಪಂಚದಲ್ಲಿ ಒಬ್ಬನದೇ. ಅದರ ಗೆರೆ ಪೂರ್ತಿ ನಡುಗಿದೆ.

ಅಪ್ಪನ ಕೊನೆಯ ವರ್ಷಗಳ ಕಾಜಾ ಹೀಗೇ ಇತ್ತು. ಒಂದು ಹೊಲಿಗೆ ಒಳಗೆ, ಒಂದು ಹೊರಗೆ, ಗುಂಡಿ ತೂರಿಸುವ ಆ ಬಾಯಿಯೇ ಸೊಟ್ಟ. ಅವರೂ ಹೇಳಲಿಲ್ಲ. ದೀಪ ಸರಿಯಿಲ್ಲ ಅಂದರು, ದಾರ ಸರಿಯಿಲ್ಲ ಅಂದರು. ನಾನು ಅವರು ಮಲಗಿದ ಮೇಲೆ ಬಿಚ್ಚಿ ಮತ್ತೆ ಹೊಲಿದಿಡುತ್ತಿದ್ದೆ. ಅವರಿಗೆ ಗೊತ್ತಿತ್ತು ಅಂತ ಕಾಣುತ್ತದೆ. ಈಗ ನೀನು ಟೈಪು ಅನ್ನುತ್ತೀಯ, ಪಟ್ಟಿ ಅನ್ನುತ್ತೀಯ. ಎರಡು ವರ್ಷ ನಾನು ನಿನ್ನನ್ನು ಜಂಬದ ಕೋಳಿ ಅಂದುಕೊಂಡು ಬೈದೆನಲ್ಲೋ. ಒಂದು ಮಾತು ಹೇಳಬಾರದಿತ್ತಾ?

ಕೈ ಜಾರೀತು ಅಂತ ತಾನೇ ಹೆದರಿಕೆ? ಅದಕ್ಕೆ ದರ್ಜಿಯಿದ್ದಾಳೆ. ಒಂದು ಚೀಲ ಹೊಲಿದಿದ್ದೇನೆ. ಒಳಗೆ ಒಗೆದ ಹತ್ತಿ, ನಡುವೆ ಉಣ್ಣೆ, ಹೊರಗೆ ವಕೀಲರ ಕೋಟಿನಲ್ಲಿ ಉಳಿದ ಕರಿಬಟ್ಟೆ. ಲೋಹದ ಗುಂಡಿ ಹಾಕಿಲ್ಲ, ಬಟ್ಟೆಯ ಗುಂಡಿ. ಕೊರಳಿಗೆ ಹಾಕಿಕೊಂಡು ಅಂಗಿಯೊಳಗೆ ಎದೆಗೆ ಕಟ್ಟಿಕೊಂಡರೆ ಕೈಯಿಂದ ಹಿಡಿಯುವ ಮಾತೇ ಇಲ್ಲ. ಇದೊಂದು ಜೇಬನ್ನು ಹರಿಯಲು ನಿನ್ನಿಂದ ಆಗುವುದಿಲ್ಲ, ನೋಡೋಣ.

ಬೇರೆಯವರನ್ನು ಕಳಿಸಿದರೆ ಬಾಗಿಲು ತೆಗೆಯುವುದಿಲ್ಲ. ನೀನೇ ಬಾ. ಬಂದಾಗ ನಿನಗೊಂದು ವಿಷಯವನ್ನೂ ಹೇಳಬೇಕು. ಹಳೇದು, ಅಪ್ಪನದು. ಕಾಗದದಲ್ಲಿ ಬರೆಯುವಂಥದ್ದಲ್ಲ.

ಅಕ್ಕ


೪ ಜೂನ್ ೧೯೮೪
(ಕೈಬರಹ)

ಅಕ್ಕನಿಗೆ,

ಇದನ್ನು ಕೈಯಲ್ಲೇ ಬರೆಯುತ್ತಿದ್ದೇನೆ. ಗುಮಾಸ್ತರು ಯಾರೂ ಇರಲಿಲ್ಲ, ಇಷ್ಟು ದಿನ ಟೈಪ್ ಮಾಡುತ್ತಿದ್ದವನೂ ನಾನೇ. ಒತ್ತುವ ಬೆರಳು ನಡುಗಿದರೂ ಯಂತ್ರದ ಅಕ್ಷರ ನಡುಗುವುದಿಲ್ಲ, ಅಷ್ಟೇ ಅನುಕೂಲ. ನಿನ್ನಿಂದ ಮುಚ್ಚಿಟ್ಟದ್ದು ಯಾಕೆಂದರೆ, ನೀನು ಅಪ್ಪನನ್ನು ನೋಡಿಕೊಂಡವಳು. ಮತ್ತೊಂದು ಸಲ ಅದನ್ನೇ ನೋಡು ಎಂದು ಹೇಳಲು ಮನಸ್ಸು ಬರಲಿಲ್ಲ.

ಕಳೆದ ವಾರ ಕೊನೆಯ ದಿನ ಕಲ್ಲನ್ನು ಕಪಾಟಿನಲ್ಲಿಟ್ಟೆ. ಅದಕ್ಕೂ ಮೊದಲು ಅಳತೆ ನಡೆಯಿತು. ನೆನಪು ಇದೆ, ಅಕ್ಕ. ಬಹಳ ಸಣ್ಣದು, ಆದರೆ ಒಳಗಿನಿಂದ ತೆಗೆದ ತುಂಡುಗಳಲ್ಲೆಲ್ಲ ಒಂದೇ ದಿಕ್ಕಿಗೆ ನೆಟ್ಟಗಿದೆ. ಅಳೆದವರು ಎರಡು ಸಲ ನೋಡಿ ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಮೇ ತಿಂಗಳಲ್ಲಿ ಬಂದಾಗ ನಿನ್ನ ಮನೆಯಲ್ಲಿ ಟವೆಲು ಬಿಚ್ಚಿ ಅದನ್ನು ಹತ್ತಿಬಟ್ಟೆ ಹಿಡಿದ ಎರಡು ಕೈಯಲ್ಲಿ ಎತ್ತಿದೆನಲ್ಲ, ಆಗ ನೀನು ಏನೂ ಗೊತ್ತಿಲ್ಲದವಳ ಹಾಗೆ ಗೋಡೆ ನೋಡುತ್ತ ಕೆಳಗೆ ಹಾಸಿಗೆಯ ಹೊದಿಕೆ ಒಡ್ಡಿಕೊಂಡು ನಿಂತಿದ್ದೆ. ನಾನು ನೋಡಿದೆ. ಬೀಳಲಿಲ್ಲ. ಕಪಾಟಿನ ಮುಂದೆಯೂ ಬೀಳಲಿಲ್ಲ, ಅಲ್ಲಿಯೂ ನೀನು ಕೆಳಗೆ ಹೊದಿಕೆ ಹಿಡಿದು ನಿಂತಿದ್ದೀಯ ಎಂದುಕೊಂಡೆ.

ನೀನು ಹೇಳಬೇಕೆಂದಿ‌ದ್ದ ವಿಷಯ ಹೇಳಲಿಲ್ಲ. ಇದ್ದ ಮೂರು ದಿನವೂ ತುಟಿಯವರೆಗೆ ತಂದು, "ಟೀ ಬೇಕಾ?" ಎಂದು ಕೇಳಿದೆ. ಜನ್ಮದಲ್ಲಿ ಅಷ್ಟು ಟೀ ಕುಡಿದವನಲ್ಲ ನಾನು.

ನನಗೆ ಗೊತ್ತು ಅಕ್ಕ. ಕೆಲಸಕ್ಕೆ ಸೇರಿದ ಹೊಸದರಲ್ಲೇ ಗೊತ್ತಾಯಿತು. ಎಲ್ಲರಿಗೂ ತೋರಿಸಬೇಕೆಂಬ ಉಮೇದಿನಲ್ಲಿ ಅಪ್ಪ ಕೊಟ್ಟ ಕಲ್ಲಿನ ಒಂದು ಮೂಲೆಯನ್ನು ಗರಗಸಕ್ಕೆ ಕೊಟ್ಟೆ. ಒಳಗೆಲ್ಲ ಗುಳ್ಳೆ. ಆಕಾಶದ ಕಲ್ಲಿನಲ್ಲಿ ಹಾಗೆ ಗುಳ್ಳೆ ಇರುವುದಿಲ್ಲ. ಎರಕದ ಕಾರ್ಖಾನೆಯವರು ಕಬ್ಬಿಣ ಕರಗಿಸಿದ ಮೇಲೆ ಹೊರಗೆ ಸುರಿಯುತ್ತಿದ್ದ ಕಿಟ್ಟ ಅದು. ಕಬ್ಬಿಣ ಉಳಿದಿತ್ತು, ಅದಕ್ಕೇ ಸೂಜಿಗಲ್ಲಿಗೆ ಅಂಟಿತ್ತು. ಹಿರಿಯ ಅಧಿಕಾರಿ ನೋಡಿ ನಗಲಿಲ್ಲ. "ಯಾರು ಕೊಟ್ಟದ್ದು?" ಎಂದರು. "ಅಪ್ಪ" ಎಂದೆ. "ಹಾಗಾದ್ರೆ ಜೋಪಾನ ಮಾಡು" ಎಂದರು.

ಆ ವರ್ಷ ರಜೆಗೆ ಬಂದಾಗ ಅಪ್ಪ ಸೂಜಿಗೆ ದಾರ ಪೋಣಿಸುತ್ತ ಕೇಳಿದರು, "ನಿನ್ನ ಕಲ್ಲನ್ನ ದೊಡ್ಡೋರಿಗೆ ತೋರಿಸಿದ್ಯೇನೋ?" "ತೋರಿಸಿದೆ ಅಪ್ಪ, ಭಾಳ ಹಳೇದಂತೆ" ಎಂದೆ. ಅವರು ತಲೆ ಎತ್ತಲಿಲ್ಲ. ದಾರ ಮಾತ್ರ ಮೂರು ಸಲ ತಪ್ಪಿತು. ಆಗಲೇ ಕೈ ನಡುಗುತ್ತಿತ್ತೋ, ನನ್ನ ಮಾತಿಗೆ ನಡುಗಿತೋ, ಇವತ್ತಿಗೂ ಗೊತ್ತಿಲ್ಲ. ಅದಾದ ಮೇಲೆ ನೀನು ಅವರ ಗುಟ್ಟನ್ನು ನನ್ನಿಂದ ಬಚ್ಚಿಟ್ಟೆ, ನಾನು ನಿನ್ನಿಂದ ಬಚ್ಚಿಟ್ಟೆ. ಇಷ್ಟು ವರ್ಷ ಮೂವರೂ ಒಂದೇ ಕಿಟ್ಟವನ್ನು ಮುಚ್ಚಿಟ್ಟುಕೊಂಡು ಕುಳಿತಿದ್ದೆವು.

ಮೇಜು ಖಾಲಿ ಮಾಡುವಾಗ ನನ್ನದು ಅಂತ ತಂದದ್ದು ಅದೊಂದನ್ನೇ. ನಿನ್ನ ಕರಿ ಚೀಲದಲ್ಲಿಟ್ಟು ಇದರ ಜೊತೆಗೆ ಕಳಿಸಿದ್ದೇನೆ. ಅಪ್ಪನ ಡ್ರಾಯರಿನಲ್ಲಿಡು. ಸಂಗ್ರಹಾಲಯದಲ್ಲಿ ಪ್ರತಿ ಕಲ್ಲಿಗೂ ಒಂದು ಚೀಟಿ ಬರೆಯುವುದು ಪದ್ಧತಿ. ನಿನ್ನ ಕಲ್ಲಿನ ಚೀಟಿಯನ್ನು ಕಪಾಟಿನಲ್ಲಿ ನನ್ನ ಕೈಯಲ್ಲೇ ಬರೆದಿಟ್ಟೆ, ಹೊಸಬರು ಬದಲಾಯಿಸಿದರೆ ಬದಲಾಯಿಸಲಿ. "ಉಲ್ಕೆ, ಕಬ್ಬಿಣ ಹೆಚ್ಚಿರುವ ಜಾತಿ. ಸಿಕ್ಕ ಜಾಗ: ಲಾಂಡ್ರಿಯ ಸೂರು. ತಂದುಕೊಟ್ಟವರು: ದರ್ಜಿ. ಸೂಜಿಗಲ್ಲು ಮುಟ್ಟಿಲ್ಲ."

ಇದಕ್ಕೂ ಒಂದು ಬರೆದಿದ್ದೇನೆ. ಐದು ಸಲ ಹರಿದು ಬರೆದದ್ದು.

"ಕಿಟ್ಟ. ಸಿಕ್ಕ ಜಾಗ: ಅಪ್ಪನ ಜೇಬು. ಸೂಜಿಗಲ್ಲು ಮುಟ್ಟಿದೆ."

ಅಕ್ಷರ ಓದಲು ಬಂತೇ ಎಂದು ಒಂದು ಸಾಲು ಬರಿ.

ತಮ್ಮ


೯ ಜೂನ್ ೧೯೮೪

ಹರಕುಜೇಬಿಗೆ,

ಓದಲು ಬಂತು. 'ಅ'ದ ಬಾಲ ಈಗಲೂ ಮೇಲಕ್ಕೆ ಹೋಗಿಲ್ಲ.

ಕಾರ್ಖಾನೆಯ ಗೋಡೆಯ ಹತ್ತಿರ ಅಪ್ಪ ಅದನ್ನು ಆರಿಸುವಾಗ ನಾನು ಜೊತೆಗಿದ್ದೆ. ಮೂರು ನಾಲ್ಕನ್ನು ಕೈಯಲ್ಲಿ ಹಿಡಿದು ನೋಡಿ, "ಇದು ಭಾರ ಇದೆ, ನಂಬ್ತಾನೆ" ಅಂದು ಜೇಬಿಗೆ ಹಾಕಿಕೊಂಡರು. ಆಮೇಲೆ ಮನೆಯವರೆಗೂ ಆ ಜೇಬಿನ ಮೇಲೆ ಕೈ ಇಟ್ಟುಕೊಂಡೇ ನಡೆದರು. ನಿನಗೆ ಹೇಳಬೇಕು ಅಂದುಕೊಂಡಿದ್ದು ಇಷ್ಟೆ.

ಚೀಲ ಬಿಚ್ಚಿ ಡ್ರಾಯರಿನಲ್ಲಿಟ್ಟೆ. ಸೂಜಿಗಲ್ಲು ಪಕ್ಕದಲ್ಲೇ ಇತ್ತು, ಟಕ್ ಅಂತ ಅಂಟಿಕೊಂಡಿತು. ಬಿಡಿಸಿಲ್ಲ.

ಅಕ್ಕ